ಆಪ್ರೇಷನ್‌ಗೆ ಮುಂಚೆ ಯಾರನ್ನ ನೆನಸ್ತೀರಿ?

ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಅಭಿಪ್ರಾಯ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಡಿಸ್ಚಾರ್ಜ್ ಆಗುವ ದಿನ ಫಾರ್ಮ್ ಹಿಡಿದು ಅವರ ಹಾಸಿಗೆ ಹತ್ತಿರ ಹೋಗುತ್ತೇನೆ. ವಾರ್ಡ್ ಸ್ವಚ್ಛ ಇತ್ತಾ? ಊಟ ಹೇಗಿತ್ತು? ಕರೆದಾಗ ಸಿಸ್ಟರ್ ಬಂದರಾ? ಡಾಕ್ಟರು ಕಾಯಿಲೆ ಬಗ್ಗೆ ತಿಳಿಯುವ ಹಾಗೆ ಹೇಳಿದರಾ? ಬಿಲ್ ಕೌಂಟರ್‌ನಲ್ಲಿ ಎಷ್ಟು ಹೊತ್ತು ಕಾಯಿಸಿದರು? ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ.

ಗೋಕಾಕ, ಅಥಣಿ, ರಾಯಬಾಗ, ಬೈಲಹೊಂಗಲ, ಎಲ್ಲಿಂದ ಬಂದವರಾದರೂ ಉತ್ತರ ಹೆಚ್ಚುಕಡಿಮೆ ಒಂದೇ. "ಎಲ್ಲಾ ಛಲೋ ಐತ್ರಿ ಅಕ್ಕಾರ, ನೀವ ಬರಕೋರಿ." ಊರಿಗೆ ಹೋಗುವ ಅವಸರ. ಕೆಳಗೆ ಗಾಡಿ ಬಂದು ನಿಂತಿರುತ್ತದೆ. ನಾನು ಫಾರ್ಮ್ ಮಡಚಿ ಏಳುವ ಹೊತ್ತಿಗೆ ಯಾರಾದರೊಬ್ಬರು ಮೆಲ್ಲಗೆ ಕೈ ಹಿಡಿಯುತ್ತಾರೆ. "ಒಂದ್ ಮಾತ್ ಹೇಳ್ಲೇನ್ರಿ? ಅದರಾಗ ಬರೀಬ್ಯಾಡ್ರಿ ಮತ್ತ." ಬರೆಯಬೇಡಿ ಅಂದ ಮೇಲೆ ಬರುವ ಮಾತು ಊಟದ್ದಲ್ಲ, ಬಿಲ್ಲಿನದ್ದಲ್ಲ. ಅದು ಅವರ ದೇವರ ಮಾತು, ಹರಕೆಯ ಮಾತು, ಸಾವಿನ ಮಾತು. ಅದಕ್ಕೆ ನಮ್ಮ ಫಾರ್ಮಿನಲ್ಲಿ ಒಂದು ಸಾಲೂ ಇಲ್ಲ.

ಒಬ್ಬ ಅಜ್ಜನ ಮಾತು ಇವತ್ತಿಗೂ ನನ್ನನ್ನು ಕಾಡುತ್ತದೆ. ಹರ್ನಿಯಾ ಆಪ್ರೇಷನ್ ಆಗಿತ್ತು. ಎಲ್ಲ ಸರಿಹೋಗಿತ್ತು. "ಲಿಂಗಾ ತಗದ ಕೊಡ್ರಿ ಅಂದ್ರು. ಸಣ್ಣಾಂವ ಇದ್ದಾಗಿಂದ ಕೊಳ್ಳಾಗ ಐತ್ರಿ ಅದು. ಆ ಹುಡುಗ ತಗೊಂಡು ಪ್ಲಾಸ್ಟಿಕ್ ಚೀಲದಾಗ ಹಾಕಿ ಚಪ್ಪಲಿ ಬಾಜೂಕ ಇಟ್ಟ. ನಾ ಏನ್ ಅನ್ಲಿ?" ಹೀಗೆ ಹೇಳುವಾಗ ಅವರಿಗೆ ಸಿಟ್ಟಿರಲಿಲ್ಲ. ನಾಚಿಕೆ ಇತ್ತು, ತಾವೇ ತಪ್ಪು ಮಾಡಿದ ಹಾಗೆ. ಇಷ್ಟಲಿಂಗವನ್ನು ಮೈಯಿಂದ ಬೇರೆ ಮಾಡಬಾರದು ಅಂತ ನಂಬಿ ಬದುಕಿದ ಮನುಷ್ಯ, ಅರಿವಳಿಕೆ ಕೊಡುವ ಕೋಣೆಗೆ ಹೋಗುವಾಗ ಆ ಚೀಲವನ್ನು ನೋಡುತ್ತಾ ಹೋಗಿದ್ದಾರೆ. ಫಾರ್ಮಿನಲ್ಲಿ ಮಾತ್ರ ಎಲ್ಲದಕ್ಕೂ ಐದಕ್ಕೆ ಐದು ಕೊಟ್ಟಿದ್ದರು.

ಲೋಹ ತೆಗೆಯಲು ಕಾರಣ ಇದೆ, ಅದು ಸುಮ್ನೆ ಮಾಡಿದ ನಿಯಮ ಅಲ್ಲ. ಆಪ್ರೇಷನ್‌ನಲ್ಲಿ ರಕ್ತ ನಿಲ್ಲಿಸಲು ಕರೆಂಟಿನಿಂದ ನಡೆಯುವ ಉಪಕರಣ ಬಳಸುತ್ತಾರೆ. ಮೈಮೇಲೆ ಲೋಹ ಇದ್ದರೆ ಅಲ್ಲಿ ಸುಟ್ಟ ಗಾಯ ಆಗುವ ಭಯ ಇರುತ್ತದೆ. ಕೈ ಬಾತುಕೊಂಡರೆ ಉಂಗುರ ಬೆರಳನ್ನೇ ಹಿಸುಕುತ್ತದೆ. ಎಂಆರ್‌ಐ ಕೋಣೆಯ ಅಯಸ್ಕಾಂತದ ವಿಷಯವಂತೂ ಎಲ್ಲರಿಗೂ ಗೊತ್ತು. ಆದರೆ ಇಷ್ಟಲಿಂಗ ಕಲ್ಲಿನದು. ಲೋಹ ಇರುವುದು ಹೊರಗಿನ ಬೆಳ್ಳಿಯ ಕರಡಿಗೆಯಲ್ಲಿ. ಕರಡಿಗೆ ಬಿಚ್ಚಿಟ್ಟು, ಲಿಂಗವನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ಡಾಕ್ಟರು ಒಪ್ಪಿದರೆ ತೋಳಿಗೆ ಕಟ್ಟಬಹುದು. ಅವರು ಒಪ್ಪದಿದ್ದರೆ, ಕೈಕಾಲು ತೊಳೆದುಕೊಂಡು ಬಂದ ಮಗನ ಅಂಗೈಗೆ ಅಜ್ಜನೇ ತನ್ನ ಕೈಯಿಂದ ಕೊಡಬಹುದು. ಎರಡಕ್ಕೂ ಒಂದು ಪೈಸೆ ಖರ್ಚಿಲ್ಲ. ಆದರೆ ಯಾರಾದರೂ ಮುಂಚೆಯೇ ಕೇಳಿರಬೇಕು, ಅಷ್ಟೇ.

ಗುಳದಾಳಿಯದ್ದೂ, ಅಂದರೆ ಮುತ್ತೈದೆಯರ ತಾಳಿಯದ್ದೂ, ಇದೇ ಕತೆ. ಗಂಡ ಹೊರಗೆ ಬೆಂಚಿನ ಮೇಲೆ ಜೀವಂತ ಕೂತಿರುವಾಗ ಕೊರಳಿಂದ ಅದನ್ನು ತೆಗೆಯುವುದು, ಹಸಿರು ಬಳೆ ಒಡೆಯುವುದು ಅಂದರೆ ನಮ್ಮ ಹೆಣ್ಣುಮಕ್ಕಳ ಎದೆ ಎಷ್ಟು ಹೊಡೆದುಕೊಳ್ಳುತ್ತದೆ ಅಂತ ನಾನು ನೋಡಿದ್ದೇನೆ. ಕೆಲವು ಸಿಸ್ಟರ್‌ಗಳು ಗುಳದಾಳಿಯ ಬದಲು ಒಂದು ಅರಿಶಿನದ ದಾರ ಕಟ್ಟಿಕೊಳ್ಳಲು ಬಿಡುತ್ತಾರೆ. ಬಳೆಗಳನ್ನು ಒಡೆಯದೆ ಸೋಪಿನ ನೊರೆ ಹಚ್ಚಿ ಒಂದೊಂದಾಗಿ ಜಾರಿಸಿ ತೆಗೆಯುತ್ತಾರೆ. ಹೀಗೆ ಮಾಡಿ ಅಂತ ಯಾವ ಪುಸ್ತಕದಲ್ಲೂ ಅವರಿಗೆ ಕಲಿಸಿರುವುದಿಲ್ಲ.

ನಮ್ಮಲ್ಲಿ ಕೇರಳದ ಒಬ್ಬ ಸಿಸ್ಟರ್ ಇದ್ದರು, ಕ್ರಿಶ್ಚಿಯನ್ನರು. ಅವರ ಕನ್ನಡ ಅಷ್ಟಕ್ಕಷ್ಟೇ. ಸ್ಟ್ರೆಚರ್ ಆಪ್ರೇಷನ್ ಥಿಯೇಟರ್ ಬಾಗಿಲಿಗೆ ಬಂದಾಗ ಅದನ್ನು ನಿಲ್ಲಿಸಿ ಪ್ರತಿ ರೋಗಿಗೂ ಒಂದು ಮಾತು ಕೇಳುತ್ತಿದ್ದರು. "ಯಾರನ್ನ ನೆನಸ್ತೀರಿ? ಈಗ ನೆನಸಿ." ಆಮೇಲೆ ಸುಮ್ಮನೆ ನಿಲ್ಲುತ್ತಿದ್ದರು. ಒಬ್ಬರು ಯಲ್ಲಮ್ಮ ಅನ್ನುವರು, ಒಬ್ಬರು ಬಸವಣ್ಣ, ಒಬ್ಬರು ಅಲ್ಲಾ, ಒಬ್ಬರು ವಿಠ್ಠಲ. ಒಬ್ಬ ಹುಡುಗಿ ತನ್ನ ತೀರಿಹೋದ ಅಜ್ಜಿಯ ಹೆಸರು ಹೇಳಿದಳಂತೆ. ಅರ್ಧ ನಿಮಿಷವೂ ಆಗುತ್ತಿರಲಿಲ್ಲ. ಆ ರೋಗಿಗಳು ಡಿಸ್ಚಾರ್ಜ್ ದಿನ ನನ್ನ ಮುಂದೆ ಕೂತಾಗ ಆಸ್ಪತ್ರೆಯ ಬಗ್ಗೆ ಮೊದಲು ಹೇಳುತ್ತಿದ್ದುದು ಆ ಅರ್ಧ ನಿಮಿಷದ ಬಗ್ಗೆ. ಆಪ್ರೇಷನ್ ಮಾಡಿದ ಸರ್ಜನ್ ಹೆಸರು ಎಷ್ಟೋ ಜನರಿಗೆ ನೆನಪಿರುತ್ತಿರಲಿಲ್ಲ.

ಇದು ನನ್ನೊಬ್ಬಳ ಅನುಭವ ಅಂತ ತಳ್ಳಿಹಾಕಬೇಡಿ. ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 3,141 ಒಳರೋಗಿಗಳನ್ನು ಕೇಳಿ ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿದ್ದಾಗ ತಮ್ಮ ಧರ್ಮದ, ನಂಬಿಕೆಯ ಚಿಂತೆಗಳನ್ನು ಯಾರ ಜೊತೆಗಾದರೂ ಮಾತಾಡಬೇಕು ಅಂತ 41 ಶೇಕಡಾ ಜನರಿಗೆ ಅನ್ನಿಸಿತ್ತು. ಅವರಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ಮಾತಾಡಲು ಯಾರಾದರೂ ಸಿಕ್ಕಿದ್ದರು. ಹಾಗೆ ಮಾತು ಸಿಕ್ಕವರು ಆಸ್ಪತ್ರೆಯ ಆರೈಕೆಗೆ ಹೆಚ್ಚು ಅಂಕ ಕೊಟ್ಟಿದ್ದರು. ತಮಗೆ ಅಂಥ ಮಾತು ಬೇಕಿರಲಿಲ್ಲ ಅಂದವರು ಕೂಡ, ಯಾರೋ ಬಂದು ಮಾತಾಡಿಸಿದ್ದರೆ, ಹೆಚ್ಚೇ ಕೊಟ್ಟಿದ್ದರು. ನನಗೆ ಇದರಲ್ಲಿ ಬಹಳ ಮುಖ್ಯ ಅನ್ನಿಸುವುದು ಈ ಕೊನೆಯ ಮಾತು. ನೀವು ಕಾಯಿಲೆಯ ಮೈ ಅಷ್ಟೇ ಅಲ್ಲ, ಮನುಷ್ಯರು ಅಂತ ಯಾರೋ ಗುರುತಿಸಿದರು. ಜನರಿಗೆ ಅದು ನೆನಪಿರುತ್ತದೆ.

ಹಾಗಂತ ಪ್ರಾರ್ಥನೆಯಿಂದ ಗಾಯ ಬೇಗ ಮಾಯುತ್ತದೆ ಅಂತ ನಾನು ಹೇಳುತ್ತಿಲ್ಲ. ಅದನ್ನೂ ಅಳೆದು ನೋಡಿದ್ದಾರೆ. ಹೃದಯದ ಬೈಪಾಸ್ ಆದ 1,802 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ 2006ರಲ್ಲಿ ಬಂತು. ದೂರದಲ್ಲಿ ಕೂತು ಬೇರೆಯವರು ಮಾಡಿದ ಪ್ರಾರ್ಥನೆಯಿಂದ ಆಪ್ರೇಷನ್ ನಂತರದ ತೊಂದರೆಗಳೇನೂ ಕಡಿಮೆ ಆಗಲಿಲ್ಲ. ಹಾಗಾಗಿ ಔಷಧಿ ಔಷಧಿಯೇ. ನಾನು ಹೇಳುತ್ತಿರುವುದು ಔಷಧಿ ತಲುಪದ ಜಾಗದ ಬಗ್ಗೆ.

ಆ ಜಾಗವನ್ನು ವೈದ್ಯಲೋಕಕ್ಕೆ ಸರಿಯಾಗಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್ ಆಗಿ, ಆಮೇಲೆ ಸಮಾಜ ಸೇವಕಿಯಾಗಿ ಕೆಲಸ ಮಾಡಿ, ಕೊನೆಗೆ ಡಾಕ್ಟರ್ ಆದವರು. 1967ರಲ್ಲಿ ಲಂಡನ್ನಿನಲ್ಲಿ, ವಾಸಿಯಾಗದ ಕಾಯಿಲೆಯವರ ಆರೈಕೆಗೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಕಟ್ಟಿದರು. ಮೈನೋವು, ಮನಸ್ಸಿನ ನೋವು, ಸಂಸಾರದ ನೋವು, ಆತ್ಮದ ನೋವು, ಈ ನಾಲ್ಕೂ ಹೆಣೆದುಕೊಂಡಿರುತ್ತವೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಕೊಟ್ಟರೆ ಸಾಲದು ಅಂತ ಅವರು ಹೇಳಿದರು. ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಉಪಶಾಮಕ ಆರೈಕೆಯ ಬಗ್ಗೆ, ಅಂದರೆ ಗಂಭೀರ ಕಾಯಿಲೆಯವರ ನೋವು-ಸಂಕಟ ಕಡಿಮೆ ಮಾಡುವ ಆರೈಕೆಯ ಬಗ್ಗೆ, ಹೇಳುವಾಗಲೂ ಆತ್ಮದ ಸಂಕಟವನ್ನು ಸೇರಿಸಿಯೇ ಹೇಳುತ್ತದೆ.

ಸಾಂಡರ್ಸ್ ಹೇಳಿದ್ದು ನನಗೆ ಅರ್ಥವಾದದ್ದು ಸವದತ್ತಿ ಕಡೆಯ ಒಬ್ಬ ಅವ್ವನಿಂದ. ಹೊಟ್ಟೆಯ ಕ್ಯಾನ್ಸರ್. ನೋವಿನ ಔಷಧಿ ಹೆಚ್ಚಿಸಿದರೂ ರಾತ್ರಿ ನಿದ್ದೆ ಇಲ್ಲ, ನರಳಾಟ. ಮಗನಿಗೆ ಕಾರಣ ಗೊತ್ತಿರಲಿಲ್ಲ. ಕೊನೆಗೆ ಆಯಾ ಕೆಲಸದ ಅಕ್ಕನ ಹತ್ತಿರ ಅವ್ವ ಬಾಯಿ ಬಿಟ್ಟಳು. ಮೊಮ್ಮಗ ಹುಟ್ಟಿದಾಗ ಯಲ್ಲಮ್ಮನ ಗುಡ್ಡಕ್ಕೆ ಬರ್ತೀನಿ, ಪಡ್ಲಗಿ ತುಂಬಸ್ತೀನಿ ಅಂತ ಬೇಡಿಕೊಂಡಿದ್ದಳು. ಹೋಗಲು ಆಗಿರಲಿಲ್ಲ. ಈಗ ಸಾಯುತ್ತೇನೆ, ಸಾಲ ಹಾಗೇ ಉಳಿಯಿತು ಅನ್ನುವ ಸಂಕಟ. ಸೊಸೆ ಅವತ್ತೇ ಹಳದಿ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಮುಡಿಪು ಮಾಡಿದಳು. "ಅತ್ತಿ, ಹುಣ್ಣಿವಿಗೆ ನಾ ಹೋಗಿ ಮುಟ್ಟಸ್ತೀನಿ" ಅಂತ ಅವ್ವನ ಕೈಯಲ್ಲಿಟ್ಟು ಮಾತು ಕೊಟ್ಟಳು. ವಾರ್ಡಿನ ಸಿಸ್ಟರ್ ಅದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳಲು ಬಿಟ್ಟರು. ಕಾಯಿಲೆ ಎಲ್ಲೂ ಹೋಗಲಿಲ್ಲ. ಔಷಧಿಯೂ ಅಷ್ಟೇ ಇತ್ತು. ಆದರೆ ಅವ್ವ ನಿದ್ದೆ ಮಾಡಿದಳು.

ಹಿಂಗೆ ಹೇಳಿದರೆ ಇದೆಲ್ಲ ದೇವರ ಕೋಣೆಯ ವಿಷಯ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ರಾಯಬಾಗ ಕಡೆಯ ಒಬ್ಬ ರೈತ ಕಾರ ಹುಣ್ಣಿಮೆ ದಿನ ಕಾಲು ಮುರಿದುಕೊಂಡು ವಾರ್ಡಿನಲ್ಲಿ ಮಲಗಿದ್ದರು. ಅವರಿಗೆ ಯಾವ ಪ್ರಸಾದವೂ ಬೇಕಿರಲಿಲ್ಲ. ಬೆಳಿಗ್ಗೆಯಿಂದ ಊಟ ಮುಟ್ಟಿರಲಿಲ್ಲ. ತಮ್ಮ ಎತ್ತುಗಳಿಗೆ ಬಣ್ಣ ಹಚ್ಚಿದರೋ ಇಲ್ಲವೋ ಅನ್ನುವುದೊಂದೇ ಚಿಂತೆ. ಮಗ ಹಟ್ಟಿಯಿಂದ ವಿಡಿಯೋ ಕಾಲ್ ಮಾಡಿ ಎತ್ತುಗಳ ಮುಖ ತೋರಿಸಿದ. ಹೆಸರು ಹಿಡಿದು ಕರೆದರು, ಅತ್ತರು, ಆಮೇಲೆ ಊಟ ಮಾಡಿದರು. ಬದುಕಿಗೆ ಅರ್ಥ ಕೊಡುವುದು ಯಾವುದೋ ಅದು ಆ ಮನುಷ್ಯನ ಅಧ್ಯಾತ್ಮ. ಅವರಿಗೆ ಅದು ಎತ್ತಿನ ಕಣ್ಣಲ್ಲಿತ್ತು.

ಊಟ ಅಂದೆ. ಬೆಳಗಾವಿ ಜಿಲ್ಲೆಯಲ್ಲಿ, ಅದರಲ್ಲೂ ಚಿಕ್ಕೋಡಿ, ಅಥಣಿ, ನಿಪ್ಪಾಣಿ ಕಡೆ ಜೈನರು ಬಹಳ. ಅವರಲ್ಲಿ ಎಷ್ಟೋ ಹಿರಿಯರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಆಲೂಗಡ್ಡೆ, ಈರುಳ್ಳಿ, ಗಜ್ಜರಿಯಂಥ ಗಡ್ಡೆ ತಿನ್ನುವುದಿಲ್ಲ. ಆಸ್ಪತ್ರೆಯ ಊಟದ ಗಾಡಿ ಬರುವುದು ಕತ್ತಲಾದ ಮೇಲೆ, ಪಲ್ಯದಲ್ಲಿ ಆಲೂಗಡ್ಡೆ. ಅವರು ತಟ್ಟೆ ಪಕ್ಕಕ್ಕಿಟ್ಟು ಹಸಿದು ಮಲಗುತ್ತಾರೆ. ಕೇಸ್ ಪೇಪರ್‌ನಲ್ಲಿ 'ರೋಗಿ ಸರಿಯಾಗಿ ಊಟ ಮಾಡುತ್ತಿಲ್ಲ' ಅಂತ ಬರೆಯುತ್ತಾರೆ. ಸಂಜೆಯ ಬೆಳಕಿರುವಾಗಲೇ ಒಂದು ತಟ್ಟೆ ಮೊದಲು ಕಳಿಸಿದರೆ ಮುಗಿಯುವ ವಿಷಯ, ಅಲ್ವಾ?

ರಂಜಾನ್ ತಿಂಗಳಲ್ಲಿ ಇದರ ಇನ್ನೊಂದು ಮುಖ ನೋಡುತ್ತೇವೆ. ಸಕ್ಕರೆ ಕಾಯಿಲೆಯ ಒಬ್ಬ ಚಾಚಾ ರೋಜಾ ಬಿಡಲು ಒಪ್ಪಲೇ ಇಲ್ಲ. ಡಾಕ್ಟರು ಗದರಿದರು, ಮಗಳು ಅತ್ತಳು. ಊಹೂಂ. ಕೊನೆಗೆ ಅವರ ಮೊಹಲ್ಲಾದ ಮೌಲಾನಾ ಫೋನಿನಲ್ಲಿ ಮಾತಾಡಿದರು. ಕಾಯಿಲೆಯವರಿಗೆ ವಿನಾಯಿತಿ ಇದೆ, ಆರಾಮಾದ ಮೇಲೆ ಆ ದಿನಗಳನ್ನು ತುಂಬಿಕೊಡಬಹುದು, ಆಗದಿದ್ದರೆ ಬಡವರಿಗೆ ಊಟ ಹಾಕಿಸಬಹುದು ಅಂದರು. ಚಾಚಾ ಇನ್ಸುಲಿನ್‌ಗೆ ಕೈ ಚಾಚಿದರು. ನಂಬಿಕೆಯನ್ನು ಚಿಕಿತ್ಸೆಯ ಶತ್ರು ಅಂತ ನೋಡುವ ಡಾಕ್ಟರುಗಳಿಗೆ ನಾನು ಈ ಚಾಚಾನ ಕತೆ ಹೇಳುತ್ತೇನೆ.

ಎಲ್ಲದಕ್ಕೂ ಹೂಂ ಅನ್ನಲು ಆಗುವುದಿಲ್ಲ, ನಿಜ. ಆಮ್ಲಜನಕದ ಪೈಪು ಇರುವ ಕಡೆ ದೀಪ, ಊದುಬತ್ತಿ ಹಚ್ಚುವಂತಿಲ್ಲ. ಅರಿವಳಿಕೆ ಕೊಡುವ ಮುಂಚೆ ಹೊಟ್ಟೆ ಖಾಲಿ ಇರಬೇಕು. ಇಲ್ಲವಾದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೆ ಅಪಾಯ. ಹಾಗಾಗಿ ಆ ಹೊತ್ತಿನಲ್ಲಿ ಪ್ರಸಾದ ಬಾಯಿಗೆ ಹಾಕಬಾರದು, ಕಣ್ಣಿಗೆ ಒತ್ತಿಕೊಳ್ಳಬಹುದು. ದೇವರ ಭಂಡಾರದ ಅರಿಶಿನವನ್ನು ಹಣೆಗೆ ಹಚ್ಚಬಹುದು, ಗಾಯದ ಮೇಲೆ ಉದುರಿಸಬಾರದು. ಬಡಗ ತಲೆ ಮಾಡಿ ಮಲಗಿಸಿದ್ದೀರಿ ಅಂತ ಎಷ್ಟೋ ಹಿರಿಯರು ಒದ್ದಾಡುತ್ತಾರೆ. ಗೋಡೆಯ ಪೈಪಿನಿಂದಾಗಿ ಮಂಚ ತಿರುಗಿಸಲು ಆಗುವುದಿಲ್ಲ. ಆದರೆ ಯಾಕೆ ಆಗುವುದಿಲ್ಲ ಅಂತ ಕೂತು ಹೇಳಿದರೆ ಜನ ಕೇಳುತ್ತಾರೆ. ಇಲ್ಲ ಅಂದದ್ದಕ್ಕಿಂತ, ಯಾಕೆ ಅಂತ ಹೇಳದೆ ಹೋದದ್ದೇ ಅವರಿಗೆ ಜಾಸ್ತಿ ನೋವು ಕೊಡುತ್ತದೆ.

ಇಷ್ಟೆಲ್ಲ ಬರೆಯುತ್ತಾ ಬಂದದ್ದು ಮುಂದಿನ ಮಾತು ಹೇಳಲಿಕ್ಕೆ. ನಾನು ಯಾವತ್ತೂ ಫಾರ್ಮ್ ತುಂಬಿಸಿಕೊಳ್ಳದ ಒಂದು ಗುಂಪಿದೆ. ಇನ್ನು ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೆ ತಮ್ಮವರನ್ನು ಮನೆಗೆ ಕರೆದುಕೊಂಡು ಹೋಗುವವರು. 'ವೈದ್ಯರ ಸಲಹೆಗೆ ವಿರುದ್ಧವಾಗಿ' ಅಂತ ಬರೆದ ಕಾಗದಕ್ಕೆ ಸಹಿ ಮಾಡಿಸಿ ಅವರನ್ನು ಕಳಿಸುತ್ತಾರೆ. ಆ ಕಾಗದ ಓದಿದರೆ ಅವರು ಏನೋ ಅಪರಾಧ ಮಾಡಿ ಓಡಿಹೋದ ಹಾಗೆ ಕಾಣುತ್ತದೆ. ಎಷ್ಟೋ ಸಲ ನೋವಿನ ಔಷಧಿಯೂ ಇಲ್ಲದೆ, ಮುಂದೆ ಏನು ಮಾಡಬೇಕು ಅಂತ ಯಾರೂ ಹೇಳದೆ ಹೋಗುತ್ತಾರೆ. ಅವರು ಬಯಸಿದ್ದಾದರೂ ಏನು? ಹುಟ್ಟಿ ಬೆಳೆದ ಮನೆಯಲ್ಲಿ, ಮಕ್ಕಳು ಬಾಯಿಗೆ ನೀರು ಬಿಡುವಾಗ, ಭಜನೆಯೋ ಕಲಮಾವೋ ಕಿವಿಗೆ ಬೀಳುವಾಗ ಜೀವ ಹೋಗಲಿ ಅಂತ.

ನಮ್ಮ ಕಡೆಯ ಜನರ ಮುಂದೆ ಇದಕ್ಕೆ ದೊಡ್ಡ ಉದಾಹರಣೆ ಇದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಲಿಂಗೈಕ್ಯರಾದರು. ಕೊನೆಯ ದಿನಗಳನ್ನು ಆಶ್ರಮದಲ್ಲೇ ಕಳೆದರು. ಡಾಕ್ಟರುಗಳು ಅಲ್ಲಿಗೇ ಹೋಗಿ ನೋಡಿಕೊಂಡರು. ತಮ್ಮ ಅಂತ್ಯಕ್ರಿಯೆ ಹೇಗೆ ನಡೆಯಬೇಕು, ಗದ್ದುಗೆ ಕಟ್ಟಬಾರದು ಅಂತ ಮೊದಲೇ ಬರೆದಿಟ್ಟಿದ್ದರು. "ಅಪ್ಪಾವ್ರು ಆಶ್ರಮದಾಗ ಹೋದ್ರು, ನಮ್ಮಪ್ಪ ಮನ್ಯಾಗ ಹೋಗ್ಲಿ" ಅಂತ ಒಬ್ಬ ಮಗ ಐಸಿಯು ಬಾಗಿಲಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅದು ಚಿಕಿತ್ಸೆಯನ್ನು ತಿರಸ್ಕರಿಸುವ ಮಾತಲ್ಲ. ಸಾವು ಹೇಗಿರಬೇಕು ಅನ್ನುವ ಬಗ್ಗೆ ನೂರಾರು ವರ್ಷಗಳಿಂದ ನಮ್ಮಲ್ಲಿ ಬೆಳೆದುಬಂದ ತಿಳಿವಳಿಕೆ.

ಕಾನೂನು ಕೂಡ ಈಗ ಇದರ ಹತ್ತಿರ ಬಂದಿದೆ. ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. 2023ರಲ್ಲಿ ಅದರ ನಿಯಮಗಳನ್ನು ಸರಳ ಮಾಡಿತು. ಅದನ್ನು ಜಾರಿ ಮಾಡಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ವಾಸಿಯಾಗುವ ಆಸೆ ಇಲ್ಲದ ರೋಗಿಗೆ ಯಂತ್ರದ ಆಸರೆ ಮುಂದುವರಿಸಬೇಕೇ ಬೇಡವೇ ಅಂತ ಡಾಕ್ಟರುಗಳ ಎರಡು ಮಂಡಳಿಗಳು ನೋಡಬೇಕು, ಮನೆಯವರು ಒಪ್ಪಬೇಕು. ತನಗೆ ಪ್ರಜ್ಞೆ ತಪ್ಪಿದರೆ ಏನು ಮಾಡಬೇಕು, ಏನು ಬೇಡ ಅಂತ ಮನುಷ್ಯ ಮುಂಚೆಯೇ ಬರೆದಿಡಬಹುದು. ಆದರೆ ಬರೆದಿಡುವ ಮೊದಲು ಯಾರಾದರೂ ಅವರ ಜೊತೆ ಕೂತು ಮಾತಾಡಬೇಕಲ್ಲ? ಆ ಮಾತು ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ಶುರುವಾಗಿಲ್ಲ.

ಇಲ್ಲಿ ನನಗೊಂದು ಭಯವೂ ಇದೆ. ಹಾಸಿಗೆ ಹಿಡಿದ ಮನುಷ್ಯ ಬಹಳ ಮೆತ್ತಗಿರುತ್ತಾನೆ. ಆಗ ಯಾರು ಬೇಕಾದರೂ ತಮ್ಮ ದೇವರನ್ನು ಅವನ ಮೇಲೆ ಹೇರಬಹುದು. 'ನಿನ್ನ ಕರ್ಮ' ಅಂತ ಹಂಗಿಸಬಹುದು. ಹರಕೆ ತಪ್ಪಿದ್ದಕ್ಕೇ ಕಾಯಿಲೆ ಬಂತು ಅಂತ ಹೆದರಿಸಬಹುದು. ಕ್ಯಾನ್ಸರ್ ರೋಗಿಯ ಮುಂದೆ ಸ್ವಂತ ಅಣ್ಣನೇ ಹಾಗಂದದ್ದನ್ನು ಕೇಳಿ ನನ್ನ ಹೊಟ್ಟೆ ಉರಿದಿತ್ತು. ಆದ್ದರಿಂದ ಸಿಬ್ಬಂದಿ ಉಪದೇಶ ಮಾಡಬಾರದು, ತಮ್ಮ ಧರ್ಮದ ಮಾತು ಎತ್ತಬಾರದು. ಕೇಳಬೇಕು, ರೋಗಿ ಹೇಳಿದ್ದನ್ನು ಬರೆದುಕೊಳ್ಳಬೇಕು, ಆಗುವುದನ್ನು ಮಾಡಿಕೊಡಬೇಕು. ರೋಗಿ 'ನನಗೇನೂ ಬೇಡ' ಅಂದರೆ ಅಲ್ಲಿಗೆ ಬಿಡಬೇಕು.

ದೇಶದ ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ಮಾನದಂಡಗಳಲ್ಲಿ ರೋಗಿಯ ಹಕ್ಕುಗಳ ಪಟ್ಟಿ ಇದೆ. ಅದರಲ್ಲಿ ಅವರ ನಂಬಿಕೆಗಳನ್ನು ಗೌರವಿಸಬೇಕು, ಆಧ್ಯಾತ್ಮಿಕ ಅಗತ್ಯಗಳ ಕೋರಿಕೆಗೆ ಸ್ಪಂದಿಸಬೇಕು ಅಂತಲೇ ಇದೆ. ಕೇಂದ್ರ ಸರ್ಕಾರ 2016ರಲ್ಲಿ ಶುರು ಮಾಡಿದ, ರೋಗಿಗಳ ಅಭಿಪ್ರಾಯ ಕೇಳುವ 'ಮೇರಾ ಅಸ್ಪತಾಲ್' ವ್ಯವಸ್ಥೆ ಕೂಡ ಸಿಬ್ಬಂದಿಯ ನಡವಳಿಕೆ, ಸ್ವಚ್ಛತೆ, ಖರ್ಚಿನ ಬಗ್ಗೆ ರೋಗಿಗಳನ್ನು ಕೇಳುತ್ತದೆ. ಒಳ್ಳೆಯದೇ. ಆದರೆ ಕೋರಿಕೆಗೆ ಸ್ಪಂದಿಸುವುದು ಅಂದರೆ ರೋಗಿಯೇ ಮೊದಲು ಕೇಳಬೇಕು. ನಮ್ಮ ಹಳ್ಳಿಯ ಜನ ಕೇಳುವುದಿಲ್ಲ. ದೊಡ್ಡ ದವಾಖಾನಿ, ಬಿಳಿ ಕೋಟು, ಬೈಸಿಕೊಳ್ಳುವ ಹೆದರಿಕೆ. ಆಸ್ಪತ್ರೆಯೇ ಮೊದಲು ಬಾಯಿ ತೆರೆಯಬೇಕು. ಇವತ್ತು ಇದು ಒಳ್ಳೆಯ ಸಿಸ್ಟರ್ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ಹಾಗಿದೆ. ಬಿಪಿ ನೋಡುವುದನ್ನು ನಾವು ಸಿಸ್ಟರ್ ಒಳ್ಳೆಯತನಕ್ಕೆ ಬಿಡುತ್ತೇವಾ?

ದಾಖಲಾಗುವ ದಿನ ಅಲರ್ಜಿ ಇದೆಯಾ, ಸಕ್ಕರೆ ಇದೆಯಾ ಅಂತ ಕೇಳುವ ಪುಟದಲ್ಲೇ ಇನ್ನೂ ಎರಡು ಸಾಲು ಸೇರಿಸಿ ಅಂತ ನಾನು ಮೇಲಿನವರಿಗೆ ಬರೆದು ಕೊಟ್ಟಿದ್ದೇನೆ. 'ಕಷ್ಟದಲ್ಲಿ ನಿಮಗೆ ಧೈರ್ಯ ಕೊಡುವುದು ಏನು, ಯಾರು?' 'ಇಲ್ಲಿ ಇರುವಷ್ಟು ದಿನ ಪೂಜೆ, ನಮಾಜು, ಊಟ, ಮೈಮೇಲಿನ ವಸ್ತುಗಳ ವಿಷಯದಲ್ಲಿ ನಾವು ಏನು ತಿಳಿದಿರಬೇಕು?' ಉತ್ತರವನ್ನು ಕೇಸ್ ಪೇಪರ್‌ನ ಮೊದಲ ಪುಟದಲ್ಲೇ ಬರೆಯಬೇಕು. ಆಪ್ರೇಷನ್ ಥಿಯೇಟರ್‌ನವರಿಗೂ ಅಡುಗೆಮನೆಯವರಿಗೂ ಅದು ತಲುಪಬೇಕು. ಅದಕ್ಕೆ ಇನ್ನೂ ಒಪ್ಪಿಗೆ ಬಂದಿಲ್ಲ, ನಾನು ಕೇಳುವುದನ್ನೂ ಬಿಟ್ಟಿಲ್ಲ.

ಅಲ್ಲಿಯವರೆಗೆ ಇದನ್ನು ಓದುತ್ತಿರುವ ನೀವು ನಿಮ್ಮವರನ್ನು ದಾಖಲು ಮಾಡುವಾಗ, ಆಸ್ಪತ್ರೆಯವರು ಕೇಳದಿದ್ದರೂ ನೀವಾಗಿ ಹೇಳಿ. ಲಿಂಗ, ಗುಳದಾಳಿ, ತಾಯತ ಇದ್ದರೆ ಆಪ್ರೇಷನ್ ಹಿಂದಿನ ದಿನವೇ ವಾರ್ಡ್ ಸಿಸ್ಟರ್ ಹತ್ತಿರ ಮಾತಾಡಿ. ಬೆಳಿಗ್ಗೆ ಸ್ಟ್ರೆಚರ್ ಬಂದು ನಿಂತಾಗ ಯಾರಿಗೂ ಪುರಸೊತ್ತಿರುವುದಿಲ್ಲ. ಊಟದ ನಿಯಮ ಇದ್ದರೆ ದಾಖಲಾದ ದಿನವೇ ಆಹಾರ ತಜ್ಞರಿಗೆ ತಿಳಿಸಿ. ಐಸಿಯುನಲ್ಲಿ ಇರುವವರ ತುಟಿಗೆ ಗಂಗಾಜಲವೋ ಜಮ್‌ಜಮ್ ನೀರೋ ಮುಟ್ಟಿಸಬೇಕು ಅನ್ನಿಸಿದರೆ ನೀವೇ ಬಾಯಿಗೆ ಹಾಕಬೇಡಿ. ಡ್ಯೂಟಿಯಲ್ಲಿರುವ ಸಿಸ್ಟರ್‌ನ್ನು ಕೇಳಿ. ಒದ್ದೆ ಹತ್ತಿಯಿಂದ ತುಟಿ ಒರೆಸುವುದು ಅವರ ದಿನದ ಕೆಲಸವೇ. ಡಾಕ್ಟರ ಅಡ್ಡಿ ಇಲ್ಲದಿದ್ದರೆ ನೀವು ತಂದ ನೀರಿನಲ್ಲೇ ಅದನ್ನು ಅದ್ದಿ ಒರೆಸುತ್ತಾರೆ. ಮತ್ತೆ ಡಿಸ್ಚಾರ್ಜ್ ದಿನ ನನ್ನಂಥವರು ಫಾರ್ಮ್ ಹಿಡಿದು ಬಂದಾಗ ಕೊನೆಯಲ್ಲಿ ಖಾಲಿ ಜಾಗ ಇರುತ್ತದೆ, 'ಇತರೆ' ಅಂತ. ಬರೀಬ್ಯಾಡ್ರಿ ಅನ್ನಬೇಡಿ. ಅಲ್ಲೇ ಬರೆಸಿ.